ಅಂಜಿಕಿನೇ ಬರಲಿಲ್ಲ

ಬೀದರಿನ ಟಾಕೀಸಿನಿಂದ ಹೊರಬಿದ್ದು ಮೆಟಡಾರ್ ಹತ್ತಿದಾಗ ರಾತ್ರಿ ಹತ್ತು ಗಂಟೆ. 1986ರ ಬೇಸಿಗೆ. ಮದುವೆಗೆಂದು ಜಹೀರಾಬಾದಿನ ನಮ್ಮ ಮನೆಯಲ್ಲಿ ನೆರೆದಿದ್ದ ನೆಂಟರಿಷ್ಟರೆಲ್ಲ ಸೇರಿ ಹದಿಮೂರು ಮಂದಿ ‘ತುಳಸಿದಳ’ ನೋಡಲು ಹೋಗಿದ್ದೆವು. ಹಿಂತಿರುಗುವ ಸುಮಾರು 30 ಕಿಲೋಮೀಟರ್ ದಾರಿಯುದ್ದಕ್ಕೂ ಅದರದೇ ಚರ್ಚೆ. ಕೊನೆಗೆ ಅತ್ತೆ ಬಾಯಿಗೆ ಎಲೆ ಹಾಕಿಕೊಳ್ಳುತ್ತ ತೀರ್ಪು ಕೊಟ್ಟಳು: “ಇಷ್ಟು ದೂರ ಬಂದು ರೊಕ್ಕ ಕೊಟ್ಟು ಕುಂತ್ರೂ ಅಂಜಿಕಿನೇ ಬರಲಿಲ್ಲ ನೋಡ್ರಿ.”

ಆ ಮಾತಿಗೆ ಎಲ್ಲರೂ ನಕ್ಕೆವು. ಅಂದು ಯಾರು ಯಾರು ಏನೇನು ಅಂದರು, ಯಾರು ಎಷ್ಟು ನಕ್ಕರು ಎಂಬುದು ಮುಂದೆ ಲೆಕ್ಕಕ್ಕೆ ಬರುತ್ತದೆಂದು ಆಗ ಯಾರಿಗೆ ಗೊತ್ತಿತ್ತು!

ಕಾಸರಗೋಡಿನ ಓದುಗರಿಗೆ ನಮ್ಮ ಸೀಮೆಯ ಬಗ್ಗೆ ಎರಡು ಮಾತು ಹೇಳಬೇಕು. 1956ರ ನವೆಂಬರ್ 1ರಂದು ನಿಮ್ಮ ತಾಲೂಕು ಕೇರಳಕ್ಕೆ ಸೇರಿತಲ್ಲ, ಅದೇ ದಿನ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿದ್ದ ಜಹೀರಾಬಾದ್ ಮತ್ತು ನಾರಾಯಣಖೇಡ, ಗುಲಬರ್ಗಾ ಜಿಲ್ಲೆಯಲ್ಲಿದ್ದ ತಾಂಡೂರು ಆಂಧ್ರಪ್ರದೇಶದ ಪಾಲಾದವು. ಈಗ ಮೊದಲಿನ ಎರಡು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ, ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿದೆ. ನಮ್ಮ ಮನೆಯ ಮಾತು ಕನ್ನಡ, ಶಾಲೆಯ ಅಕ್ಷರ ತೆಲುಗು, ಸಂತೆಯ ಚೌಕಾಶಿ ದಖನಿ ಉರ್ದು. ಕನ್ನಡ ಸಿನಿಮಾ ನಮ್ಮೂರ ಟಾಕೀಸಿಗೆ ಬರುವುದು ಅಪರೂಪ. ಹೀಗಾಗಿ ಕನ್ನಡ ಸಿನಿಮಾ ಎಂದರೆ ಒಂದು ಸಣ್ಣ ಯಾತ್ರೆ. ಬುತ್ತಿ ಕಟ್ಟಿಕೊಂಡು, ಮಕ್ಕಳನ್ನು ಬಗಲಲ್ಲಿ ಹೊತ್ತು ಗಡಿ ದಾಟಬೇಕು.

‘ತುಳಸಿದಳ’ಕ್ಕೆ ಇಷ್ಟು ದೊಡ್ಡ ಯಾತ್ರೆ ಹೊರಡಲು ಕಾರಣ ನಾನೇ. 1980ರ ದಶಕದ ಆರಂಭದಲ್ಲಿ ಯಂಡಮೂರಿ ವೀರೇಂದ್ರನಾಥರ ‘ತುಲಸಿದಳಂ’ ತೆಲುಗಿನ ‘ಆಂಧ್ರಭೂಮಿ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿತ್ತು. ಓಣಿಯಲ್ಲಿ ಒಂದೇ ಪ್ರತಿ ಹತ್ತು ಮನೆ ತಿರುಗಿ, ಎಣ್ಣೆ ಅರಿಸಿನ ಮೆತ್ತಿಕೊಂಡು ನಮ್ಮ ಮನೆಗೆ ಬರುವುದು. ನಾನಾಗ ಹೈಸ್ಕೂಲು ಹುಡುಗ. ಅವ್ವನಿಗೆ, ಅತ್ತೆಗೆ, ಮೂಲೆಮನೆಯ ಆಯಿಗೆ ತೆಲುಗು ಮಾತು ತಿಳಿಯುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ರಾತ್ರಿ ಊಟವಾದ ಮೇಲೆ ಅಂಗಳದಲ್ಲಿ ಕಂದೀಲು ಇಟ್ಟುಕೊಂಡು ನಾನು ತೆಲುಗಿನಲ್ಲಿ ಕಣ್ಣಾಡಿಸಿ ಕನ್ನಡದಲ್ಲಿ ಕಥೆ ಹೇಳುತ್ತಿದ್ದೆ. ಶ್ರೀಧರ, ಶಾರದೆ ಎಂಬ ದಂಪತಿಯ ಮುದ್ದಿನ ಮಗಳು ತುಳಸಿ. ಅವಳ ಹೆಸರಿಗೆ ದೊಡ್ಡ ಹಣ ಬರುವುದಿದೆ, ಆ ಹಣದ ಆಸೆಗೆ ಮಗುವಿನ ಮೇಲೆ ಕ್ಷುದ್ರ ಪ್ರಯೋಗ ನಡೆಯುತ್ತದೆ. ಒಂದು ಕಡೆ ವೈದ್ಯರು, ಇನ್ನೊಂದು ಕಡೆ ಮಂತ್ರವಾದಿಗಳು. ವಾರವಾರವೂ ಕಥೆ ಒಂದು ಭಯದ ಅಂಚಿಗೆ ತಂದು ಬಿಟ್ಟುಬಿಡುವುದು. ಆ ಏಳು ದಿನ ನಮ್ಮ ಮನೆಯ ಹೆಂಗಸರು ಕತ್ತಲಲ್ಲಿ ಒಬ್ಬರೇ ಹಿತ್ತಲಿಗೆ ಹೋಗುತ್ತಿರಲಿಲ್ಲ.

ಕೇಳುವವರು ಕಣ್ಣರಳಿಸಿದಷ್ಟೂ ಹೇಳುವವನಿಗೆ ಹುರುಪು. ಪಟ್ಟಣದ ಕಥೆಯನ್ನು ನಾನು ನಮ್ಮೂರ ಹೊರಗಿನ ಹುಣಸೆಮರದ ಕೆಳಗೆ ತಂದು ನಿಲ್ಲಿಸಿದೆ. ಪತ್ರಿಕೆಯಲ್ಲಿ ‘ಚೇತಬಡಿ’ ಎಂದಿತ್ತು. ಕನ್ನಡದಲ್ಲಿ ಮಾಟ ಎಂದರೆ ಸಾಕಿತ್ತು. ಆದರೆ ಮಾಟ ಎಂದಾಗ ಬಾರದ ನಡುಕ ಇನ್ನೊಂದು ಶಬ್ದಕ್ಕೆ ಬರುತ್ತದೆಂದು ನನಗೆ ಗೊತ್ತಿತ್ತು. ನಾನು ‘ಭಾನಾಮತಿ’ ಎಂದೆ. ಅತ್ತೆ ಸೆರಗು ಬಿಗಿಯಾಗಿ ಹೊದ್ದುಕೊಂಡಳು.

ಮಲಯಾಳದಲ್ಲಿ ‘ಕೂಡೋತ್ರಂ’ ಎನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ ಎಂದುಕೊಳ್ಳಿ. ಆದರೆ ಬೀದರ್, ಗುಲಬರ್ಗಾ, ಮೇದಕ ಸೀಮೆಯಲ್ಲಿ ಭಾನಾಮತಿ ಕಥೆಯ ಮಾತಲ್ಲ, ನೆರೆಹೊರೆಯ ಮಾತು. ಒಣಹಾಕಿದ ಸೀರೆಗೆ ತಾನಾಗಿ ಬೆಂಕಿ ಹತ್ತಿತು, ಮಾಳಿಗೆಯ ಮೇಲೆ ಕಲ್ಲು ಬಿತ್ತು, ಹುಡುಗಿ ನಾಯಿಯಂತೆ ಬೊಗಳಿದಳು ಎಂದರೆ ಮುಂದಿನ ಪ್ರಶ್ನೆ ಒಂದೇ: “ಯಾರು ಮಾಡಿಸ್ಯಾರ?” ಏನಾಯಿತು, ಯಾಕಾಯಿತು ಎಂದು ಕೇಳುವವರಿಲ್ಲ. ಉತ್ತರವಾಗಿ ಸಿಗುವುದು ಸಾಮಾನ್ಯವಾಗಿ ಒಂಟಿ ಮುದುಕಿ, ವಿಧವೆ, ಇಲ್ಲವೇ ಹೊಲದ ಜಗಳವಿರುವ ದಾಯಾದಿ. ಹೀಗೆ ಆಪಾದನೆ ಹೊತ್ತವರ ಬಾಯಲ್ಲಿ ಮಂತ್ರ ಸ್ಪಷ್ಟವಾಗಿ ಹೊರಡಬಾರದೆಂದು ಹಲ್ಲು ಕಿತ್ತ ಘಟನೆಗಳು ಮೇದಕ ಸೀಮೆಯಲ್ಲಿ ನಡೆದಿವೆ. ಜೀವ ತೆಗೆದದ್ದೂ ಉಂಟು.

ಇನ್ನು ಸಿನಿಮಾದ ವಿಷಯ. ವೇಮಗಲ್ ಜಗನ್ನಾಥರಾವ್ ಅವರ ನಿರ್ದೇಶನದ, ಶರತ್‌ಬಾಬು ಅಭಿನಯದ ಈ ಚಿತ್ರ ತೆರೆಗೆ ಬಂದದ್ದು 1985ರಲ್ಲಿ. ನಾವು ನೋಡಿದ್ದು ಮರುವರ್ಷ. ಪ್ರತಿಯೊಬ್ಬರೂ ತಮ್ಮ ತಲೆಯೊಳಗೆ ಒಂದೊಂದು ಸಿನಿಮಾ ಮೊದಲೇ ನೋಡಿಕೊಂಡು ಬಂದಿದ್ದರು. ಆ ಹದಿಮೂರು ಸಿನಿಮಾಗಳ ಮುಂದೆ ಪರದೆಯ ಮೇಲಿನ ಒಂದು ಸಿನಿಮಾ ಗೆಲ್ಲುವುದು ಕಷ್ಟವೇ ಆಗಿತ್ತು.

ಮೆಟಡಾರಿನಲ್ಲಿ ಮೊದಲು ಮಾತು ತೆಗೆದವರು ತಾಂಡೂರಿನ ಭಾವ. ಅವರದು ಫರಸಿ ಕಲ್ಲಿನ ವ್ಯಾಪಾರ, ಎಲ್ಲವನ್ನೂ ಚದರಡಿಯ ಲೆಕ್ಕದಲ್ಲಿ ನೋಡುವವರು. “ಗಾಡಿ ಬಾಡಿಗಿ, ತಿಕೀಟು, ಚಾ, ಭಜಿ ಎಲ್ಲಾ ಕೂಡಿಸಿದ್ರ ನಮ್ಮ ರೊಕ್ಕ ವಸೂಲ್ ಆಗಲಿಲ್ರಿ. ಗಾಂಧಿ ಕ್ಲಾಸಿನ ಪೋರಗೋಳು ನಗಲತ್ತಿದ್ದವು. ದೆವ್ವದ ಸಿನಿಮಾಕ್ಕ ಮಂದಿ ನಗ್ತಾರಂದ್ರ ಏನು ಹೇಳಬೇಕು?” ಎಂದರು.

ಅವ್ವನ ಆಕ್ಷೇಪವೇ ಬೇರೆ. “ಆ ಕೂಸಿಗಿ ಅಷ್ಟು ಹಿಂಸಾ ಆಗೋದು ಕಥಿಯೊಳಗ ಕೇಳಿದ್ರ ನಡೀತದ. ಕಣ್ಣಿಲೆ ನೋಡಬಾರದು,” ಎಂದಳು. ಅವಳಿಗೆ ಹೆದರಿಕೆ ಬಂದಿರಲಿಲ್ಲ, ಸಂಕಟ ಬಂದಿತ್ತು.

ನಾರಾಯಣಖೇಡದ ಸೋದರಮಾವ ಮಾಸ್ತರರು. ಕಾದಂಬರಿಯನ್ನು ತೆಲುಗಿನಲ್ಲಿ ಎರಡು ಸಲ ಓದಿದ್ದವರು. ಅವರು ತುಸು ಹೊತ್ತು ಸುಮ್ಮನಿದ್ದು ಹೇಳಿದರು: “ಓದುವಾಗ ಇದು ಜಡ್ಡೋ ಮಾಟೋ ಅಂತ ಒಂದು ಶಂಕಾ ಇರ್ತಿತ್ತು. ಡಾಕ್ಟರ ಮಾತು ಕೇಳಿದ್ರ ಅದೂ ಖರೇ ಅನಸ್ತಿತ್ತು, ಮಂತ್ರವಾದಿ ಮಾತು ಕೇಳಿದ್ರ ಇದೂ ಖರೇ ಅನಸ್ತಿತ್ತು. ಇಲ್ಲಿ ಎಲ್ಲಾ ಎದುರಿಗೇ ತಂದು ನಿಲ್ಲಿಸಿಬಿಟ್ರು. ಶಂಕಾ ಹೋಯ್ತು ಅಂದ್ರ ಅಂಜಿಕಿನೂ ಹೋಯ್ತು.”

ಸಿನಿಮಾದ ಬಗ್ಗೆ ಇದಕ್ಕಿಂತ ಸರಿಯಾದ ಮಾತನ್ನು ನಾನು ಇಂದಿಗೂ ಕೇಳಿಲ್ಲ. ಅಕ್ಷರ ‘ಇರಬಹುದು’ ಎನ್ನಬಲ್ಲದು. ಕ್ಯಾಮರಾ ‘ಇದೆ’ ಎನ್ನುತ್ತದೆ. ಕಾದಂಬರಿಯಲ್ಲಿ ಬಾಗಿಲ ಹಿಂದೆ ಏನಿದೆಯೋ ಎಂದು ಓದುಗ ತಾನೇ ಊಹಿಸಿ ಬೆವರುತ್ತಾನೆ. ಸಿನಿಮಾದವರು ಬಾಗಿಲು ತೆರೆಯಲೇಬೇಕು, ತೆರೆದರೆ ಅಲ್ಲಿರುವುದು ಬಣ್ಣ ಬಳಿದುಕೊಂಡ ಒಬ್ಬ ನಟ. ಮೇಲಾಗಿ ವಾರವಾರದ ಧಾರಾವಾಹಿಗೆ ಏಳು ರಾತ್ರಿಗಳ ಕತ್ತಲೆ ಉಚಿತವಾಗಿ ಸಿಗುತ್ತಿತ್ತು. ಸಿನಿಮಾಕ್ಕೆ ಸಿಗುವುದು ಎರಡೂವರೆ ಗಂಟೆ, ನಡುವೆ ಇಂಟರ್ವಲ್ಲಿನ ಶೇಂಗಾ.

ಎಲ್ಲರಿಗಿಂತ ಹಿಂದೆ ಕುಳಿತಿದ್ದವಳು ಮೂಲೆಮನೆಯ ಆಯಿ. ನಮ್ಮ ಬಳಗದವಳಲ್ಲ, ಆದರೆ ಅವಳಿಲ್ಲದೆ ನಮ್ಮ ಮನೆಯಲ್ಲಿ ಶ್ಯಾವಿಗೆ ಹೊಸೆಯುತ್ತಿರಲಿಲ್ಲ, ಹಪ್ಪಳ ಲಟ್ಟಿಸುತ್ತಿರಲಿಲ್ಲ. ಗಂಡ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು, ಒಬ್ಬಳೇ ಮಗಳನ್ನು ಕೋಹೀರಿನ ಕಡೆ ಕೊಟ್ಟಿದ್ದಳು. ಅತ್ತೆಗೂ ಅವಳಿಗೂ ಒಂದೇ ಎಲೆಯಡಿಕೆ ಚಂಚಿ. ಸಿನಿಮಾ ನಡೆಯುವಾಗ ಗಾಂಧಿ ಕ್ಲಾಸಿನ ಹುಡುಗರ ಜೊತೆ ಅವಳೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದಳು. ಯಾಕೆ ನಕ್ಕೆ ಎಂದು ಅತ್ತೆ ಕೇಳಿದ್ದಕ್ಕೆ ಹೇಳಿದಳು: “ಬರೇ ಸುಳ್ಳಾ ಯವ್ವಾ. ಮಂತ್ರಕ್ಕ ಅಷ್ಟು ಶಕ್ತಿ ಇದ್ರ ನನ್ನ ಎಮ್ಮಿ ಯಾಕ ಸಾಯ್ತಿತ್ತು? ಮಂತ್ರ ಹಾಕಿಸಿದೆ, ತಾಯತ ಕಟ್ಟಿಸಿದೆ, ಸತ್ತೇ ಹೋಯ್ತು.” ಗಾಡಿಯೆಲ್ಲ ನಕ್ಕಿತು.

ಆ ವರ್ಷ ಮಳೆ ಹಿಡಿದ ಮೇಲೆ ಅತ್ತೆಯ ಮೊಮ್ಮಗಳಿಗೆ ಜ್ವರ ಬಂತು. ಆರು ವರ್ಷದ ಹುಡುಗಿ. ಜ್ವರ ಇಳಿಯಿತೆನ್ನುವಾಗ ಮತ್ತೆ ಏರುವುದು, ರಾತ್ರಿ ಬಡಬಡಿಸುವುದು, ಕಣ್ಣು ಮೇಲಕ್ಕೆ ತೇಲಿಸುವುದು. ಒಂದು ವಾರ ಓಣಿಯ ಔಷಧಿಯಾಯಿತು, ದರ್ಗಾದ ದಾರವಾಯಿತು, ಗುಡಿಯ ಭಸ್ಮವಾಯಿತು. ಒಂದು ಬೆಳಿಗ್ಗೆ ಹಿತ್ತಲ ಗೋಡೆಯ ಬುಡದಲ್ಲಿ ಕುಂಕುಮ ಹತ್ತಿದ ಒಂದು ನಿಂಬೆಹಣ್ಣು ಸಿಕ್ಕಿತು. ಮದುವೆ ನಡೆದ ಮನೆ. ಎಲ್ಲಿಯದೋ ಆರತಿಯ ಹಣ್ಣು ಉರುಳಿ ಬಂದಿರಬಹುದು. ಆದರೆ ‘ಬಂದಿರಬಹುದು’ ಎನ್ನುವ ಸಮಾಧಾನ ಆ ಹೊತ್ತಿಗೆ ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲ.

ಅತ್ತೆ ನನ್ನನ್ನು ಪಕ್ಕಕ್ಕೆ ಕರೆದಳು. ನಾನಾಗ ಇಂಟರ್‌ಮೀಡಿಯೆಟ್‌ನಲ್ಲಿ ವಿಜ್ಞಾನ ಓದುತ್ತಿದ್ದೆ. “ನೀ ಓದಿ ಹೇಳಿದ್ದ್ಯಲ್ಲಪ್ಪಾ, ತುಳಸಿ ಕಥಿ. ಆ ಹುಡುಗಿಗೂ ಹಿಂಗೇ ಆಗಿತ್ತಿಲ್ಲೇನು?”

ಸುತ್ತ ನಾಲ್ಕು ಜನ ಹಿರಿಯರು ನಿಂತಿದ್ದರು. ಮನೆಯಲ್ಲಿ ಮೊದಲ ಸಲ ನನ್ನ ಓದಿಗೆ ಒಂದು ಬೆಲೆ ಬಂದಿತ್ತು. ಕಥೆಯೆಂದರೆ ಕಥೆ, ನಮ್ಮ ಕೂಸಿಗೆ ಬಂದದ್ದು ಜ್ವರ ಎನ್ನಬಹುದಿತ್ತು. ನಾನು ಹಾಗೆ ಅನ್ನಲಿಲ್ಲ. “ಹೌದತ್ತಿ, ಹಿಂಗೇ ಆಗಿತ್ತು,” ಎಂದೆ.

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ಯಾರು ಎಂಬ ಪ್ರಶ್ನೆಗೆ ಉತ್ತರ ಮೆಟಡಾರಿನಿಂದಲೇ ಬಂತು. “ಎಲ್ಲಾರೂ ಅಂಜಿಕಿ ಬರಲಿಲ್ಲ ಅಂದ್ರು, ಖರೇ. ಆದ್ರ ಆಕಿ ಒಬ್ಬಾಕಿ ಯಾಕ ನಕ್ಕಳು? ಮಂತ್ರ ಹಾಕಿಸಿದೆ ಅಂತ ತನ್ನ ಬಾಯಿಲೇ ಅಂದಾಳ. ಮಂತ್ರದವರ ಪರಿಚಯ ಆಕಿಗಿ ಹ್ಯಾಂಗ?” ಹೀಗೆಂದವಳು ಅತ್ತೆಯೇ, ಅದೇ ಚಂಚಿಯ ಎಲೆ ತಿಂದವಳು. ಗಾಂಧಿ ಕ್ಲಾಸಿನ ಹುಡುಗರೂ ನಕ್ಕಿದ್ದರು, ಭಾವನೂ ನಕ್ಕಿದ್ದರು. ಆ ನಗು ಯಾರ ನೆನಪಿಗೂ ಬರಲಿಲ್ಲ. ಒಂದು ಸಿನಿಮಾ ಚೆನ್ನಾಗಿಲ್ಲ ಎಂದು ಮುದುಕಿಯೊಬ್ಬಳು ಹೇಳಿದ ಅಭಿಪ್ರಾಯ ಅವಳ ಮೇಲಿನ ಸಾಕ್ಷಿಯಾಯಿತು.

ಆಯಿಗೆ ಹಪ್ಪಳದ ಕೆಲಸ ನಿಂತಿತು. ಅವಳು ಬಾವಿಗೆ ಬಂದರೆ ಉಳಿದವರು ಕೊಡ ಎತ್ತಿಕೊಂಡು ಹೋಗತೊಡಗಿದರು. ಒಂದು ರಾತ್ರಿ ಅವಳ ಮಾಳಿಗೆಯ ಮೇಲೆ ಕಲ್ಲು ಬಿದ್ದವು. ಈ ಸಲ ಎಸೆದವರು ಯಾರೆಂದು ಓಣಿಗೆಲ್ಲ ಗೊತ್ತಿತ್ತು. ಮರುದಿನ ಕಟ್ಟೆಯ ಮೇಲೆ ಕುಳಿತ ಗಂಡಸರ ನಡುವೆ ‘ಹಲ್ಲು’ ಎಂಬ ಮಾತು ನನ್ನ ಕಿವಿಗೆ ಬಿತ್ತು. ಕಂದೀಲಿನ ಬೆಳಕಿನಲ್ಲಿ ನಾನು ಎಷ್ಟೋ ಭಯದ ಪುಟಗಳನ್ನು ಓದಿದ್ದೇನೆ. ಹಾಡಹಗಲಲ್ಲಿ ಕೇಳಿದ ಆ ಒಂದು ಮಾತಿಗೆ ಬಂದಂಥ ಹೆದರಿಕೆ ಯಾವ ಪುಟದಲ್ಲೂ ಬಂದಿರಲಿಲ್ಲ.

ಸುದ್ದಿ ಹೇಗೋ ನಾರಾಯಣಖೇಡಕ್ಕೆ ಮುಟ್ಟಿ ಮಾವ ಬಂದರು. ಬಂದವರೇ ಯಾರೊಡನೆಯೂ ವಾದಿಸದೆ ಹುಡುಗಿಯನ್ನು ಎತ್ತಿಕೊಂಡು ಬೀದರಿನ ಆಸ್ಪತ್ರೆಗೆ ಹೋದರು. ರಕ್ತ ಪರೀಕ್ಷೆಯಾಯಿತು, ಟೈಫಾಯ್ಡ್ ಎಂದರು. ಮೂರು ವಾರಕ್ಕೆ ಹುಡುಗಿ ಅಂಗಳದಲ್ಲಿ ಆಡತೊಡಗಿದಳು. ಆದರೆ ಅವರು ಬೀದರಿಗೆ ಹೋದ ಮರುದಿನ ನಸುಕಿನಲ್ಲೇ ಆಯಿ ಒಂದು ಟ್ರಂಕು, ಒಂದು ಕೌದಿ ಹಿಡಿದು ಮಗಳ ಊರಿನ ಬಸ್ಸು ಹತ್ತಿದ್ದಳು. ಕಳಿಸಲು ಯಾರೂ ಹೋಗಲಿಲ್ಲ. ನಾನು ಕಿಟಕಿಯಿಂದ ನೋಡಿದೆ, ಹೊರಗೆ ಬರಲಿಲ್ಲ.

ಹುಡುಗಿ ಎದ್ದು ಕುಳಿತ ಮೇಲೆ ಅತ್ತೆ ಅಂದಳು: “ಡಾಕ್ಟರ ಗುಳಿಗಿನೂ ಖರೇ. ಆದ್ರ ಆಕಿ ಊರು ಬಿಟ್ಟ ಮ್ಯಾಲೇ ಕೂಸು ಕಣ್ಣು ತೆರೀತು, ಅದೂ ಖರೇ.” ಕಾದಂಬರಿಯಲ್ಲಿ ವೈದ್ಯನೂ ಮಂತ್ರವಾದಿಯೂ ಸಮಸಮವಾಗಿ ನಿಂತಿದ್ದರಲ್ಲ, ನಮ್ಮ ಮನೆಯಲ್ಲೂ ಹಾಗೆಯೇ ನಿಂತರು. ಪುಸ್ತಕದಲ್ಲಿ ಅದು ಸೊಗಸು. ಮನೆಯಲ್ಲಿ ಅದರ ಬೆಲೆ ಒಬ್ಬ ಮುದುಕಿಯ ಸೂರು.

ಇದೇ ಕಾದಂಬರಿಯ ಮುಂದಿನ ಭಾಗವಾದ ‘ತುಲಸಿ’ಯನ್ನು ಆಧರಿಸಿದ ತೆಲುಗು ಸಿನಿಮಾ ‘ಕಾಷ್ಮೋರಾ’ 1986ರಲ್ಲಿ ಬಂತು. ಅದು ನಮ್ಮೂರಿಗೇ ಬಂತು, ಗಡಿ ದಾಟುವ ಕಷ್ಟವಿರಲಿಲ್ಲ. ಓಣಿಯವರೆಲ್ಲ ಹೋದರು, ನಾನು ಹೋಗಲಿಲ್ಲ. ಹೋಗಿ ಬಂದವರು ಹೇಳಿದ್ದು ಮತ್ತೆ ಅದೇ ಮಾತು: ಬುಕ್ಕಿನಷ್ಟು ಅಂಜಿಕಿ ಇಲ್ಲ.

ಕಾದಂಬರಿ ಜನಪ್ರಿಯವಾದಂತೆ ತೆಲುಗಿನಲ್ಲಿ ಅದರ ಮೇಲೆ ಟೀಕೆಯೂ ಜೋರಾಗಿತ್ತು. ಲೇಖಕಿ ರಂಗನಾಯಕಮ್ಮ ಇದು ತುಳಸಿದಳವಲ್ಲ, ಗಾಂಜಾ ದಮ್ಮು ಎಂಬರ್ಥದ ಶೀರ್ಷಿಕೆಯನ್ನೇ ಇಟ್ಟು ಒಂದು ಪುಸ್ತಕ ಬರೆದರು. ಗಡಿಯ ಈಚೆ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲೇ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿ ರಚಿಸಿದ್ದರು. ಕರ್ನಾಟಕದಲ್ಲಿ ವಾಮಾಚಾರ ತಡೆಯುವ ಕಾಯಿದೆ ಆದದ್ದು 2017ರಲ್ಲಿ. ಇವೆಲ್ಲ ನನಗೆ ತಿಳಿದದ್ದು ತಡವಾಗಿ. ಆಗ ತಿಳಿದಿದ್ದರೂ ನಾಲ್ಕು ಜನ ಹಿರಿಯರ ಮುಂದೆ ನನ್ನ ನಾಲಿಗೆ ಬೇರೆ ಹೇಳುತ್ತಿತ್ತೆಂದು ಎದೆ ಮುಟ್ಟಿ ಹೇಳಲಾರೆ.

ನಿಮ್ಮ ಮಲಯಾಳದಲ್ಲಿ ಇದಕ್ಕೆ ಎದುರಾಗಿ ಹಿಡಿಯಬಹುದಾದ ಒಂದು ಕೃತಿ ಇದೆ. ಮಲಯಾಟ್ಟೂರ್ ರಾಮಕೃಷ್ಣನ್ ಅವರ ಕಾದಂಬರಿ ‘ಯಕ್ಷಿ’. ಕೆ. ಎಸ್. ಸೇತುಮಾಧವನ್ ಅದನ್ನು 1968ರಲ್ಲಿ ಸಿನಿಮಾ ಮಾಡಿದರು, ಸತ್ಯನ್ ಮತ್ತು ಶಾರದಾ ಅಭಿನಯಿಸಿದರು. ಅಪಘಾತದಲ್ಲಿ ಮುಖ ವಿಕಾರಗೊಂಡ ಕಾಲೇಜು ಅಧ್ಯಾಪಕ ತನ್ನ ಚೆಲುವೆ ಹೆಂಡತಿ ಯಕ್ಷಿಯಿರಬೇಕೆಂದು ಅನುಮಾನಿಸುತ್ತಾನೆ. ಅಲ್ಲಿ ಭಯ ಹುಟ್ಟುವುದು ಯಕ್ಷಿಯಿಂದಲ್ಲ, ಆ ಅನುಮಾನದಿಂದ. ಬಾಗಿಲು ತೆರೆದಾಗ ಒಳಗೆ ಕಾಣುವುದು ಅನುಮಾನಿಸುವವನ ಮುಖ. ಭಯದ ಕಾದಂಬರಿಯನ್ನು ಸಿನಿಮಾ ಮಾಡುವಾಗಲೂ ಶಂಕೆಯನ್ನು ಉಳಿಸಿಕೊಳ್ಳಬಹುದು, ಅದನ್ನು ಸರಿಯಾದ ಕಡೆಗೆ ತಿರುಗಿಸಬಹುದು ಎಂಬುದಕ್ಕೆ ಇದೊಂದು ಪಾಠ.

2008ರಲ್ಲಿ ರಾಮ್ ಗೋಪಾಲ್ ವರ್ಮಾ ಹಿಂದಿಯಲ್ಲಿ ‘ಫೂಂಕ್’ ತೆಗೆದರು. ‘ತುಲಸಿದಳಂ’ ಓದಿದವರಿಗೆ ಅದರ ಮೂಲ ಎಲ್ಲಿಯದೆಂದು ಹೇಳಬೇಕಾಗಿರಲಿಲ್ಲ. ನಾಯಕ ನಮ್ಮ ಕನ್ನಡದ ಸುದೀಪ್, ಅದು ಅವರ ಮೊದಲ ಹಿಂದಿ ಚಿತ್ರ. ಥಿಯೇಟರಿನಲ್ಲಿ ಒಬ್ಬರೇ ಕುಳಿತು ನೋಡಿದವರಿಗೆ 5 ಲಕ್ಷ ರೂಪಾಯಿ ಎಂಬ ಸವಾಲನ್ನೂ ಹಾಕಿದ್ದರು. ತಾಂಡೂರಿನಲ್ಲಿ ಅಕ್ಕನ ಮಗ ಸಿ.ಡಿ. ತಂದು ಹಾಕಿದ. ಮುದುಕರಾಗಿದ್ದ ಭಾವ ಅರ್ಧ ನೋಡಿ, “ಐದು ಲಕ್ಷ ನನಗ ಕೊಡ್ರಿ, ಮಲಕೊಂಡು ನೋಡ್ತೀನಿ,” ಎಂದರು. ಹುಡುಗರೂ ಅದೇ ರಾಗ: ಕಾಗೆ ಬಂತು, ಸದ್ದು ಬಂತು, ಅಂಜಿಕಿ ಬರಲಿಲ್ಲ.

ನನಗೆ ಮಾತ್ರ ಮೈ ತಣ್ಣಗಾಗಿತ್ತು. ದೇವರನ್ನೂ ದೆವ್ವವನ್ನೂ ನಂಬದ ಇಂಜಿನಿಯರ್ ತಂದೆ ಕೊನೆಗೆ ಮಂತ್ರವಾದಿಯ ಮೊರೆಹೋಗುತ್ತಾನೆ. ಮಗುವಿಗೆ ಮಾಟ ಮಾಡಿದವಳು ಸಿಕ್ಕಿಬೀಳುತ್ತಾಳೆ. ಅವಳು ಅವರಿಗೆ ಗುರುತಿನವಳೇ, ಜೊತೆಗೆ ಓಡಾಡಿದವಳೇ. ಹುಡುಗರು ಆ ಮುಖ ಕಂಡಾಗ “ಸಿಕ್ಕಳು, ಸಿಕ್ಕಳು!” ಎಂದು ಕೂಗಿದರು. ಹೆದರಿಸಲು ಆಗದ ಸಿನಿಮಾ ಕೂಡ ಇಷ್ಟು ಮಾತ್ರ ಕೆಲಸ ಮಾಡಿಯೇ ಹೋಗುತ್ತದೆ. ಯಾರೋ ಒಬ್ಬರು ಮಾಡಿಸಿದ್ದಾರೆ, ಹುಡುಕಿದರೆ ಸಿಗುತ್ತಾರೆ ಎಂಬುದನ್ನು ಕಣ್ಣಿಗೆ ತೋರಿಸುತ್ತದೆ. ಪ್ರೇಕ್ಷಕರು ರೊಕ್ಕ ದಂಡವಾಯಿತೆಂದು ಬೈಯುತ್ತ ಮನೆಗೆ ಬರುತ್ತಾರೆ, ಆ ಒಂದು ಪಾಠ ಬೈಗುಳದ ಜೊತೆಗೇ ಮನೆ ಸೇರುತ್ತದೆ.

ಹಾಗೆಂದು ಭಯದ ಕಥೆ ಬೇಡ, ಸಿನಿಮಾ ಬೇಡ ಎನ್ನುವವನು ನಾನಲ್ಲ. ಆ ಧಾರಾವಾಹಿಯೇ ನನಗೆ ಓದಿನ ರುಚಿ ಹಚ್ಚಿದ್ದು, ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿಸುವ ಚಟ ಹಿಡಿಸಿದ್ದು. ಇಂದಿಗೂ ತೆಲುಗಿನಿಂದ ಕನ್ನಡಕ್ಕೆ ಒಂದಿಷ್ಟು ತರುತ್ತಿರುತ್ತೇನೆ. ಗಡಿಯಲ್ಲಿ ಬದುಕುವ ನಾವೆಲ್ಲ ಒಂದು ರೀತಿಯಲ್ಲಿ ಅನುವಾದಕರೇ. ಅಲ್ಲಿಯ ಶಬ್ದಕ್ಕೆ ಇಲ್ಲಿಯ ಶಬ್ದ ಇಡುವಾಗ ಅದು ಯಾರ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತದೆಂದು ನೋಡಬೇಕು. ಅಷ್ಟು ನಾನು ಕಲಿತೆ. ಕಲಿತದ್ದು ಮಾತ್ರ ಬೇರೊಬ್ಬರ ಖರ್ಚಿನಲ್ಲಿ.

ಒಂದು ಮಾತು ಉಳಿದಿದೆ. ಆಯಿ ಹೋದ ನಾಲ್ಕೈದು ವರ್ಷಗಳ ಮೇಲೆ, ಶಿವರಾತ್ರಿಗೆ ಝರಾಸಂಗಮದ ಕೇತಕಿ ಸಂಗಮೇಶ್ವರನ ಜಾತ್ರೆಗೆ ಹೋಗಿದ್ದೆ. ಹೊಂಡದ ಮೆಟ್ಟಿಲ ಮೇಲೆ ಯಾರೋ ನನ್ನ ಮನೆಯ ಹೆಸರು ಹಿಡಿದು ಕರೆದರು. ತಿರುಗಿದರೆ ಆಯಿ. ಸೊರಗಿದ್ದಳು, ಕಣ್ಣಿಗೆ ಪೊರೆ ಬಂದಿತ್ತು, ಧ್ವನಿ ಹಾಗೆಯೇ ಇತ್ತು. ಕಾಲಿಗೆ ಬಿದ್ದೆ. ಹೇಳಬೇಕೆಂದು ವರ್ಷಗಳಿಂದ ಇಟ್ಟುಕೊಂಡಿದ್ದ ಮಾತು ಗಂಟಲಲ್ಲೇ ನಿಂತಿತು.

ಅವಳೇ ಕೇಳಿದಳು: “ಆ ಕೂಸು ಹ್ಯಾಂಗದಪ್ಪಾ? ಛಲೋ ಅದಾಳೇನು?”

“ಛಲೋ ಅದಾಳ ಆಯಿ. ಸಾಲಿಗಿ ಹೋಗ್ಲತಾಳ.”

“ಅಷ್ಟಾದ್ರ ಸಾಕು ಬಿಡು,” ಎಂದು ನನ್ನ ತಲೆ ನೇವರಿಸಿದಳು. ಆಮೇಲೆ ಸೆರಗಿನ ಗಂಟಿನಿಂದ ಎರಡು ಖರ್ಜೂರ ತೆಗೆದು, ಒಂದನ್ನು ನನ್ನ ಕೈಯಲ್ಲಿಟ್ಟಳು. ಇನ್ನೊಂದನ್ನು ಅತ್ತೆಗೆ ಕೊಡಲು ಹೇಳಿದಳು.

ಊರಿಗೆ ಬಂದು ಕೊಟ್ಟೆ. ಯಾರು ಕೊಟ್ಟರೆಂದು ಹೇಳಿದೆ. ಅತ್ತೆ ಅದನ್ನು ಬಹಳ ಹೊತ್ತು ಅಂಗೈಯಲ್ಲಿ ಹಿಡಿದುಕೊಂಡು ಕುಳಿತಿದ್ದಳು. ತಿನ್ನಲೂ ಇಲ್ಲ, ಎಸೆಯಲೂ ಇಲ್ಲ.